ಗಲ್ಫ್ ಚಾಕಲೇಟ್ ಮತ್ತು ಮುರ್ಕಿಯ ವೀಡಿಯೊ

ಗಲ್ಫ್‌ನಿಂದ ರಜೆಗೆ ಬಂದವರು ಪೆಟ್ಟಿಗೆ ಬಿಚ್ಚಿದರೆ ಮೊದಲು ಹೊರಗೆ ಬರುವುದು ಚಾಕಲೇಟ್ ಪೊಟ್ಟಣ. ನಮ್ಮ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮನೆ ಮಕ್ಕಳಿಗೆ ಕೊಟ್ಟಾದ ಮೇಲೆ ನೆರೆಮನೆಗೆ, ಮದ್ರಸ ಬಿಟ್ಟು ಬರುವ ಮಕ್ಕಳಿಗೆ, ದಾರಿಯಲ್ಲಿ ಸಿಕ್ಕವರಿಗೂ ಒಂದೊಂದು. ಹಾಗೆ ಕೊಟ್ಟದ್ದಕ್ಕೆ ಒಬ್ಬರ ಪ್ರಾಣ ಹೋದೀತು ಎಂದು ನಾವು ಯಾವತ್ತಾದರೂ ಎಣಿಸಿದ್ದುಂಟಾ?

ಬೀದರ್ ಜಿಲ್ಲೆಯಲ್ಲಿ ಹೋಗಿದೆ. 2018ರ ಜುಲೈ 13, ಶುಕ್ರವಾರ. ಹೈದರಾಬಾದಿನ ಕೆಲವು ಗೆಳೆಯರು ಆಗಿನ ಔರಾದ್ ತಾಲೂಕಿನ ಹಂದಿಕೇರಾಕ್ಕೆ ಪರಿಚಯದವರ ಮನೆಗೆ ಬಂದಿದ್ದರು. ಜೊತೆಗೆ ಕತರ್‌ನಿಂದ ಬಂದ ಗೆಳೆಯನೊಬ್ಬ. ತಿರುಗಾಡಲು ಹೋದಾಗ ಹತ್ತಿರದ ತಾಂಡಾದಲ್ಲಿ ಶಾಲೆ ಮಕ್ಕಳನ್ನು ಕಂಡು ಕತರ್‌ನ ಚಾಕಲೇಟ್ ಹಂಚಿದರು. ನೋಡಿದವರಿಗೆ ಸಂಶಯ ಬಂತು. ಮಕ್ಕಳ ಕಳ್ಳರು ಎಂಬ ಕೂಗೆದ್ದಿತು. ಗೆಳೆಯರು ಕಾರು ಹತ್ತಿ ಹೊರಟರು. ಆದರೆ ಕಾರಿಗಿಂತ ಮೊದಲೇ ಅವರ ವೀಡಿಯೊ ವಾಟ್ಸ್ಆ್ಯಪ್‌ನಲ್ಲಿ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದರು, ಕಾರು ರಸ್ತೆ ಬದಿಯ ಹಳ್ಳಕ್ಕೆ ಬಿತ್ತು, ಜನ ಮುಗಿಬಿದ್ದರು. ತಡೆಯಲು ಹೋದ ಪೊಲೀಸರೂ ಗಾಯಗೊಂಡರು. 32 ವರ್ಷದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಅಲ್ಲೇ ಕೊನೆಯುಸಿರೆಳೆದರು. ಆಮೇಲೆ ಮೂವತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಅವರಲ್ಲಿ ವಾಟ್ಸ್ಆ್ಯಪ್ ಗ್ರೂಪ್‌ನ ಅಡ್ಮಿನ್ ಕೂಡ ಇದ್ದರು.

ಆ ಬೇಸಿಗೆಯಿಂದಲೇ ಮಕ್ಕಳ ಕಳ್ಳರ ವದಂತಿ ಊರೂರು ಸುತ್ತುತ್ತಿತ್ತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಇದೇ ಸಂಶಯದಲ್ಲಿ ಹೊಡೆದು ಕೊಂದಿದ್ದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು. ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡಿದ ಒಂದು ವೀಡಿಯೊ ನಿಮಗೂ ಬಂದಿರಬಹುದು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಆ ಇಬ್ಬರೇ ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನಷ್ಟೇ ಕತ್ತರಿಸಿದ್ದರು.

ಇಂಥದ್ದನ್ನು ಹಿಡಿಯಲು ಪತ್ರಕರ್ತರಿಗೆ ತರಬೇತಿ ಕೊಡುವ ಕೆಲಸ ಆಗಲೇ ಶುರುವಾಗಿತ್ತು. ಅದೇ ವರ್ಷದ ಜೂನ್‌ನಲ್ಲಿ ಗೂಗಲ್, ಭಾರತದ 8,000 ಪತ್ರಕರ್ತರಿಗೆ ಒಂದು ವರ್ಷದೊಳಗೆ ತರಬೇತಿ ಕೊಡುವುದಾಗಿ ಪ್ರಕಟಿಸಿತು. ಏಳು ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಕಲಿಸುವ ವಿದ್ಯೆ ಕಷ್ಟದ್ದೇನಲ್ಲ. ವೀಡಿಯೊವನ್ನು ನಿಲ್ಲಿಸಿ ಒಂದು ಚಿತ್ರ ತೆಗೆದು ಇಂಟರ್ನೆಟ್‌ನಲ್ಲಿ ಹುಡುಕಬೇಕು, ಅದು ಮೊದಲು ಎಲ್ಲಿ, ಯಾವಾಗ ಕಾಣಿಸಿತ್ತೆಂದು ನೋಡಬೇಕು. ಅಂಗಡಿಯ ಬೋರ್ಡು, ಗಾಡಿಯ ನಂಬರ್ ಪ್ಲೇಟು, ಜನರ ಮಾತಿನ ಧಾಟಿ ಗಮನಿಸಬೇಕು. ಕರಾಚಿಯ ವೀಡಿಯೊದ ಗುಟ್ಟು ಹೀಗೆ ರಟ್ಟಾಗುತ್ತದೆ.

ಆದರೆ ಮುರ್ಕಿಯ ವೀಡಿಯೊ? ಅದು ಹಳೆಯದಲ್ಲ, ಕತ್ತರಿಸಿದ್ದೂ ಅಲ್ಲ. ಕಾರು ನಿಜ, ಮನುಷ್ಯರು ನಿಜ, ಊರೂ ಅದೇ. ಸುಳ್ಳಾಗಿದ್ದದ್ದು ಜೊತೆಗೆ ಹಚ್ಚಿದ ಮಾತು ಮಾತ್ರ. ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಅದು ಸಿಗುತ್ತಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಹಂದಿಕೇರಾಕ್ಕೆ ಒಂದು ಫೋನ್: ‘ನಿಮ್ಮೂರಿಗೆ ಇವತ್ತು ಯಾರಾದರೂ ನೆಂಟರು ಬಂದಿದ್ದಾರಾ?’

ಯಾರಿಗೆ ಫೋನ್ ಮಾಡಬೇಕೆಂದು ಬೆಂಗಳೂರಿನ ಡೆಸ್ಕ್‌ನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ಔರಾದಿನ, ಭಾಲ್ಕಿಯ ವರದಿಗಾರನಿಗೆ. ಬೀದರಿನಿಂದ ಭಾಲ್ಕಿ, ಕಮಲನಗರ ದಾಟಿದ ರೈಲು ಸೀದಾ ಮಹಾರಾಷ್ಟ್ರದ ಉದಗಿರಕ್ಕೆ ಹೋಗುತ್ತದೆ. ಆಚೆ ಬದಿ ತೆಲಂಗಾಣ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುವ ಜಿಲ್ಲೆ. ಸುಳ್ಳು ಒಂದು ಭಾಷೆಯಲ್ಲಿ ಹುಟ್ಟಿ ಮತ್ತೊಂದರಲ್ಲಿ ಬೆಳೆಯಲು ಅಲ್ಲಿ ಹೊತ್ತು ಬೇಡ. ಅಂಥ ಕಡೆ ಸುದ್ದಿಗಿಷ್ಟು ಎಂದು ಸಂಭಾವನೆ ಪಡೆದು, ಜೊತೆಗೆ ಬೇರೆ ಕಸುಬನ್ನೂ ಮಾಡಿಕೊಂಡಿರುವ ವರದಿಗಾರ ಎರಡು ದಿನ ರಜೆ ಹಾಕಿ ರಾಜಧಾನಿಯ ಹೋಟೆಲಿನ ಕಾರ್ಯಾಗಾರಕ್ಕೆ ಹೋಗುವುದು ಹೇಗೆ? ತರಬೇತಿ ಭಾಲ್ಕಿಗೇ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ. ಸುಳ್ಯ, ಬೆಳ್ತಂಗಡಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನೊಂದು ಪಾಠ ಬರವಣಿಗೆಯದ್ದು. ‘ಊರಿಗೆ ಬಂದಿದ್ದಾರೆಯೇ ಮಕ್ಕಳ ಕಳ್ಳರು?’ ಎಂದು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ‘ಇದು ವದಂತಿ ಎಂದು ಪೊಲೀಸರು ತಿಳಿಸಿದ್ದಾರೆ’ ಎಂದರೆ ಓದುವವನ ತಲೆಯಲ್ಲಿ ಉಳಿಯುವುದು ಕಳ್ಳನೇ. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಡಗುವ ಈ ಚಾಳಿ ನಮ್ಮ ವೃತ್ತಿಯದ್ದೇ, ಒಪ್ಪಿಕೊಳ್ಳೋಣ. ಸುಳ್ಳೆಂದು ಗೊತ್ತಾದ ಮೇಲೆ ತಲೆಬರಹದಲ್ಲೇ ಸುಳ್ಳೆಂದು ಬರೆಯಬೇಕು.

ಮುರ್ಕಿಯ ಮರುವಾರವೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕುವುದಾಗಿ ಹೇಳಿತು. ಆಗ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು. ಐದು ಗ್ರೂಪ್ ಎಂದರೆ 1,280. ಒಂದು ಹಳ್ಳಿಗೆ ಅಷ್ಟು ಸಾಕು.

ನಮ್ಮ ಮನೆಗಳ ಕಥೆಯೂ ಬೇರೆಯಲ್ಲ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಹುಜುರಾತ್‌ನ ಆರನೇ ಆಯತ್ತನ್ನು ಜುಮಾ ದಿನ ಉಸ್ತಾದರು ವಿವರಿಸಿದರೆ ತಲೆದೂಗುತ್ತೇವೆ. ಮಸೀದಿಯ ಮೆಟ್ಟಿಲಿಳಿಯುವಾಗಲೇ ದಮಾಮ್‌ನಿಂದ ಯಾರದ್ದೋ ವಾಯ್ಸ್ ಮೆಸೇಜ್ ಬಂದಿರುತ್ತದೆ. ಪೂರ್ತಿ ಕೇಳುವ ಮೊದಲೇ ಫ್ಯಾಮಿಲಿ ಗ್ರೂಪಿಗೆ ಹಾಕಿಯೂ ಆಗಿರುತ್ತದೆ. ಕೇಳಿದರೆ ‘ಬಂದದ್ದನ್ನು ಹಾಕಿದೆ ಅಷ್ಟೆ’ ಎಂಬ ಉತ್ತರ ರೆಡಿ.

ಮುರ್ಕಿ ಗ್ರೂಪಿನಲ್ಲಿದ್ದವರು ಮಾಡಿದ್ದೂ ಅಷ್ಟೆ.