ಗಿರಾಕಿಯೇ ಗುಮಾಸ್ತನಾದಾಗ

ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವ ದಾರಿಯಲ್ಲಿ ಕೊಯಿಲವೆಂಬ ಗ್ರಾಮವಿದೆ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಈ ಊರು ಈಗ ಕಡಬ ತಾಲೂಕಿನಲ್ಲಿದೆ. ಇಲ್ಲಿಯ ಜೀನಸಿನ ಅಂಗಡಿಗೆ ಬಂದ ಗಿರಾಕಿ ಜಗಲಿಯಲ್ಲಿ ನಿಂತು, "ಅಣ್ಣಾ, ಐದು ಕಿಲೋ ಕುಚ್ಚಲಕ್ಕಿ, ಒಂದು ಕಿಲೋ ಸಕ್ಕರೆ, ಅರ್ಧ ಕಿಲೋ ಬೆಲ್ಲ" ಎನ್ನುತ್ತಾನೆ. ಅಂಗಡಿಯವರು ಸಾಮಾನನ್ನು ತೆಗೆಯುತ್ತಾರೆ, ತೂಗುತ್ತಾರೆ, ಲೆಕ್ಕ ಹಾಕುತ್ತಾರೆ, ಹಣ ಪಡೆಯುತ್ತಾರೆ. ಹೀಗೆ ಒಂದು ವ್ಯಾಪಾರದಲ್ಲಿ ನಾಲ್ಕು ಕೆಲಸಗಳಿವೆ, ನಾಲ್ಕೂ ಅಂಗಡಿಯವರವೇ.

ದೊಡ್ಡ ನಗರಗಳ ಕೆಲವು ಅಂಗಡಿಗಳಲ್ಲಿ ಈಗ ಈ ನಾಲ್ಕೂ ಕೆಲಸಗಳನ್ನು ಗಿರಾಕಿಯೇ ಮಾಡಬೇಕು. ಸಾಮಾನನ್ನು ತಾನೇ ಆರಿಸಿ, ಯಂತ್ರಕ್ಕೆ ತೋರಿಸಿ, ಹಣ ತೆತ್ತು, ರಶೀದಿ ಹರಿದುಕೊಂಡು ಹೊರಡಬೇಕು. ಗುಮಾಸ್ತನ ಸ್ಥಾನದಲ್ಲಿ ಒಂದು ಯಂತ್ರ. ಯಂತ್ರದ ಮುಂದೆ ಗುಮಾಸ್ತನಾದ ಗಿರಾಕಿ! ಈ ಏರ್ಪಾಡು ಹೇಗೆ ನಡೆಯುತ್ತದೆ? ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಇವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕೆಲಸದ ಸ್ಥಾನಪಲ್ಲಟ

ಅಮೆರಿಕದ ಟೆನೆಸಿ ಸಂಸ್ಥಾನದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ೧೯೧೬ರ ಸೆಪ್ಟೆಂಬರಿನಲ್ಲಿ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ಅಂಗಡಿಯನ್ನು ತೆರೆದನು. ಅಲ್ಲಿ ಗಿರಾಕಿಗಳು ಬುಟ್ಟಿ ಹಿಡಿದು ಒಳಗೆ ನಡೆದು, ಬೇಕಾದುದನ್ನು ತಾವೇ ಆರಿಸಿಕೊಳ್ಳಬೇಕಾಗಿತ್ತು. ನಾಲ್ಕು ಕೆಲಸಗಳಲ್ಲಿ ಮೊದಲನೆಯದು ಹೀಗೆ ಗಿರಾಕಿಯ ಪಾಲಿಗೆ ಬಂದಿತು. ಉಳಿದ ಕೆಲಸಗಳೂ ಅವನ ಪಾಲಿಗೆ ಬರತೊಡಗಲು ಎಪ್ಪತ್ತು ವರ್ಷಗಳು ಬೇಕಾದುವು. ಡೇವಿಡ್ ಹಂಬಲ್ ಎಂಬುವನು ರೂಪಿಸಿದ ಸ್ವಯಂಪಾವತಿ ಯಂತ್ರ ೧೯೮೬ರಲ್ಲಿ ಅಟ್ಲಾಂಟ ನಗರದ ಬಳಿಯ ಕ್ರೋಗರ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಶಕ್ತಿ ನಾಶವಾಗುವುದಿಲ್ಲ, ರೂಪವನ್ನು ಮಾತ್ರ ಬದಲಿಸುತ್ತದೆ ಎಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಓದಿರುತ್ತಾರೆ. ಅಂಗಡಿಯ ಕೆಲಸವೂ ಬಹುಮಟ್ಟಿಗೆ ಹಾಗೆಯೇ. ಯಂತ್ರವು ಅದರಲ್ಲಿ ಒಂದಷ್ಟನ್ನು ಹೊತ್ತುಕೊಂಡಿತು. ಉಳಿದುದು ಸಂಬಳ ಪಡೆಯುವವನ ಕೈಯಿಂದ ಹಣ ಕೊಡುವವನ ಕೈಗೆ ದಾಟಿತು.

ಗೆರೆಗಳನ್ನು ಓದುವ ಬೆಳಕು

ಯಂತ್ರಕ್ಕೆ ಸಾಮಾನಿನ ಗುರುತು ಸಿಗುವುದು ಅದರ ಮೇಲೆ ಅಚ್ಚಾದ ಕಪ್ಪು ಗೆರೆಗಳ ಪಟ್ಟಿಯಿಂದ. ಇದೇ ಬಾರ್‌ಕೋಡ್. ಇದರ ಮೂಲಕಲ್ಪನೆ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬ ಇಬ್ಬರದು. ತಂತಿ ಸಂದೇಶದ ಮೋರ್ಸ್ ಚುಕ್ಕೆಗೆರೆಗಳನ್ನು ನೆನೆದು ವುಡ್‌ಲ್ಯಾಂಡನು ಸಮುದ್ರತೀರದ ಮರಳಿನಲ್ಲಿ ಬೆರಳಿನಿಂದ ಗೆರೆಗಳನ್ನು ಎಳೆದನಂತೆ. ೧೯೫೨ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಆದರೆ ಅಂಗಡಿಯಲ್ಲಿ ಮೊದಲ ಬಾರಿ ಇಂದಿನ ರೂಪದ ಸಂಕೇತವನ್ನು ಓದಿದ್ದು ೧೯೭೪ರ ಜೂನ್ ೨೬ರಂದು, ಓಹಾಯೊ ಸಂಸ್ಥಾನದ ಟ್ರಾಯ್ ಎಂಬ ಊರಿನಲ್ಲಿ. ಹಾಗೆ ಮಾರಾಟವಾದ ಮೊದಲ ವಸ್ತು ಜಗಿಯುವ ಗಮ್ಮಿನ ಒಂದು ಪೊಟ್ಟಣ.

ಯಂತ್ರದಿಂದ ಹೊರಟ ಬೆಳಕು ಗೆರೆಗಳ ಮೇಲೆ ಹಾಯುತ್ತದೆ. ಬಿಳಿಯ ಭಾಗ ಬೆಳಕನ್ನು ಹಿಂದಿರುಗಿಸುತ್ತದೆ; ಕಪ್ಪು ಗೆರೆ ಹೀರಿಕೊಳ್ಳುತ್ತದೆ. ಹಿಂದಿರುಗಿದ ಬೆಳಕಿನ ಏರಿಳಿತವನ್ನು ಒಂದು ದ್ಯುತಿಕೋಶವು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ. ಯಂತ್ರ ಅಳೆಯುವುದು ಗೆರೆಗಳ ಅಗಲದ ಪರಸ್ಪರ ಪ್ರಮಾಣವನ್ನು. ಆದುದರಿಂದ ಪೊಟ್ಟಣವನ್ನು ಸ್ವಲ್ಪ ಹತ್ತಿರ ಹಿಡಿದರೂ ದೂರ ಹಿಡಿದರೂ ಓದು ಕೆಡುವುದಿಲ್ಲ. ಹಲವು ಯಂತ್ರಗಳ ಬೆಳಕು ಕೆಂಪು. ಹಳೆಯ ಹೀಲಿಯಂ-ನಿಯಾನ್ ಲೇಸರಿನದು ೬೩೨.೮ ನ್ಯಾನೊಮೀಟರ್ ಅಲೆಯುದ್ದದ ಕೆಂಪು. ಬಿಳಿಯ ಕಾಗದದ ಮೇಲೆ ಕೆಂಪು ಗೆರೆಗಳನ್ನು ಅಚ್ಚು ಹಾಕಿದರೆ ಏನಾದೀತು? ಕೆಂಪು ಬೆಳಕನ್ನು ಕಾಗದವೂ ಗೆರೆಯೂ ಒಂದೇ ಸಮನಾಗಿ ಹಿಂದಿರುಗಿಸುತ್ತವೆ. ಯಂತ್ರದ ಕಣ್ಣಿಗೆ ಗೆರೆಗಳೇ ಇಲ್ಲವಾಗುತ್ತವೆ. ಕೆಂಪು ಗೆರೆಯ ಬಾರ್‌ಕೋಡ್ ಕಾಣಸಿಗದಿರುವುದಕ್ಕೆ ಇದೇ ಕಾರಣ.

ಗೆರೆಗಳ ಕೆಳಗೆ ಹದಿಮೂರು ಅಂಕೆಗಳಿರುತ್ತವೆ. ಭಾರತದ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡ ಉತ್ಪಾದಕರ ಸಾಮಾನುಗಳಲ್ಲಿ ಮೊದಲ ಮೂರು ಅಂಕೆಗಳು ೮೯೦. ಕೊನೆಯ ಅಂಕೆಯ ಕೆಲಸ ತಪ್ಪನ್ನು ಹಿಡಿಯುವುದು. ಉದಾಹರಣೆಗೆ ೮೯೦೧೨೩೪೫೬೭೮೯ ಎಂಬ ಹನ್ನೆರಡು ಅಂಕೆಗಳನ್ನು ತೆಗೆದುಕೊಳ್ಳೋಣ. ೧, ೩, ೫ ಮೊದಲಾದ ಬೆಸ ಸ್ಥಾನಗಳ ಅಂಕೆಗಳ ಮೊತ್ತ ೨೮. ಸಮ ಸ್ಥಾನಗಳ ಅಂಕೆಗಳ ಮೊತ್ತ ೩೪. ಅದರ ಮೂರು ಪಟ್ಟು ೧೦೨. ಎರಡನ್ನೂ ಕೂಡಿಸಿದರೆ ೧೩೦. ಇದು ಹತ್ತರ ಅಪವರ್ತ್ಯವಾದ್ದರಿಂದ ಹದಿಮೂರನೆಯ ಅಂಕೆ ಸೊನ್ನೆ. ಯಾವುದಾದರೂ ಒಂದು ಅಂಕೆಯನ್ನು ತಪ್ಪಾಗಿ ಓದಿದರೆ ಮೊತ್ತ ಹತ್ತರಿಂದ ಭಾಗವಾಗುವುದಿಲ್ಲ, ಯಂತ್ರ ಒಪ್ಪುವುದಿಲ್ಲ. ಅಕ್ಕಪಕ್ಕದ ಎರಡು ಅಂಕೆಗಳು ಅದಲುಬದಲಾದರೂ ಸಾಮಾನ್ಯವಾಗಿ ತಪ್ಪು ಸಿಕ್ಕಿಬೀಳುತ್ತದೆ. ಆದರೆ ಆ ಅಂಕೆಗಳ ವ್ಯತ್ಯಾಸ ೫ ಆಗಿದ್ದರೆ, ಅಂದರೆ ೧ ಮತ್ತು ೬ರಂತಿದ್ದರೆ, ಮೊತ್ತ ಸರಿಯಾಗಿ ಹತ್ತರಷ್ಟೇ ಬದಲಾಗುವುದರಿಂದ ತಪ್ಪು ನುಣುಚಿಕೊಳ್ಳುತ್ತದೆ. ಮನೆಯಲ್ಲಿರುವ ಸೋಪಿನ ಪೊಟ್ಟಣವನ್ನೋ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆಯ ಚಾಕೊಲೇಟನ್ನೋ ತೆಗೆದುಕೊಂಡು ಓದುಗರು ಈ ಲೆಕ್ಕವನ್ನು ಮಾಡಿ ನೋಡಬಹುದು.

ಅನುಮಾನಿಸುವ ತಕ್ಕಡಿ

ಬಾರ್‌ಕೋಡ್ ತೋರಿಸಿದ ವಸ್ತುವೇ ಚೀಲಕ್ಕೆ ಹೋಯಿತೇ ಎಂಬುದು ಬೆಳಕಿಗೆ ತಿಳಿಯದು. ಅದಕ್ಕಾಗಿ ಚೀಲವಿಡುವ ಹಲಗೆಯ ಕೆಳಗೆ ಒಂದು ವಿದ್ಯುನ್ಮಾನ ತಕ್ಕಡಿಯನ್ನು ಅಡಗಿಸಿರುತ್ತಾರೆ. ನಮ್ಮ ಊರುಗಳಲ್ಲಿ ಅಡಿಕೆ ತೂಗುವ ತಕ್ಕಡಿಯ ತತ್ತ್ವವೂ ಇದೇ. ಭಾರ ಬಿದ್ದಾಗ ಒಂದು ಲೋಹದ ದಂಡ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ದಂಡಕ್ಕೆ ಅಂಟಿಸಿದ ತೆಳುವಾದ ಲೋಹದ ಎಳೆ ಅದರೊಡನೆ ಹಿಗ್ಗುತ್ತದೆ. ಹಿಗ್ಗಿದ ಎಳೆ ಉದ್ದವೂ ಸಪೂರವೂ ಆಗುವುದರಿಂದ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಈ ಅತ್ಯಲ್ಪ ಹೆಚ್ಚಳವನ್ನು ಅಳೆಯುವ ಸಾಧನವು ನಮ್ಮ ಕಾಲೇಜುಗಳ ಪ್ರಯೋಗಶಾಲೆಯ ಹಳೆಯ ಗೆಳೆಯನಾದ ವೀಟ್‌ಸ್ಟನ್ ಸೇತುವೆ. ೧೮೩೩ರಲ್ಲಿ ಕ್ರಿಸ್ಟಿ ಎಂಬುವನು ಕಂಡುಹಿಡಿದು, ೧೮೪೩ರಲ್ಲಿ ವೀಟ್‌ಸ್ಟನ್ ಪ್ರಚಾರಕ್ಕೆ ತಂದ ಈ ಜೋಡಣೆಯನ್ನು "ಇದರಿಂದ ಮುಂದೆ ಏನು ಪ್ರಯೋಜನ?" ಎಂದು ಕೇಳುವ ವಿದ್ಯಾರ್ಥಿಗಳು ಪ್ರತಿವರ್ಷವೂ ಉಂಟು.

ಒಂದು ಕಿಲೋ ಸಕ್ಕರೆಯ ಗೆರೆಗಳನ್ನು ಓದಿದ ಯಂತ್ರ, ಹಲಗೆಯ ಮೇಲೆ ಸುಮಾರು ಒಂದು ಕಿಲೋ ಹೆಚ್ಚಾಗುವುದನ್ನು ಕಾಯುತ್ತದೆ. ಹೆಚ್ಚಾದರೆ ಸರಿ, ಕಡಮೆಯಾದರೂ ಅಧಿಕವಾದರೂ ಕೆಲಸ ನಿಲ್ಲಿಸುತ್ತದೆ. ಭಾರದ ವ್ಯತ್ಯಾಸ ಅದಕ್ಕೆ ಗೊತ್ತು. ವ್ಯತ್ಯಾಸದ ಕಾರಣ ಗೊತ್ತಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ತಾಯಿಯವರೊಡನೆ ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಹೊರಗೆ ಮಳೆ. ಕೈ ಬಿಡುವು ಮಾಡಿಕೊಳ್ಳಲೆಂದು ತಾಯಿ ತಮ್ಮ ಒದ್ದೆ ಕೊಡೆಯನ್ನು ಆ ಹಲಗೆಯ ಮೇಲೆ ಇಟ್ಟರು. ಯಂತ್ರ ಕೆಂಪು ದೀಪ ಬೆಳಗಿಸಿ ನಿಂತಿತು. ಕಾವಲುಗಾರ ಬಂದ. ಅವನು ಕೆಟ್ಟ ಮಾತೇನೂ ಆಡಲಿಲ್ಲ. ಆದರೆ ಹಿಂದಿನ ಸಾಲಿನವರೆಲ್ಲ ನಮ್ಮತ್ತ ನೋಡುತ್ತಿದ್ದರು. ಯಾರೂ ಕೇಳದಿದ್ದರೂ ತಾಯಿ ತಮ್ಮ ಕೈಚೀಲವನ್ನು ಬಿಚ್ಚಿ, ಒಳಗಿದ್ದ ಕನ್ನಡಕದ ಪೆಟ್ಟಿಗೆ, ಔಷಧದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಹೊರಗೆ ಬಂದ ಮೇಲೆ, "ನಾವು ಕದ್ದದ್ದು ಅಂತ ಅದಕ್ಕೆ ಯಾಕೆ ಕಂಡದ್ದು ಮಗಾ?" ಎಂದು ಕೇಳಿದರು. ರೋಧ, ಸೇತುವೆ ಎಂದೆಲ್ಲ ವಿವರಿಸಿದೆ. ಅವರ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಗುಮಾಸ್ತನು ಒಂದು ಸಾಮಾನನ್ನು ಲೆಕ್ಕಕ್ಕೆ ಸೇರಿಸಲು ಮರೆತರೆ ಅದು ಮರೆವು. ಗಿರಾಕಿ ಮರೆತರೆ ಅದು ಕಳವೆಂದು ತೋರುತ್ತದೆ. ಕೆಲಸದೊಡನೆ ತಪ್ಪಿನ ಹೊಣೆಯೂ ಸ್ಥಾನ ಬದಲಿಸಿರುವುದನ್ನು ನಾನು ಕಂಡದ್ದು ಅಂದು.

ಸೂಕ್ಷ್ಮತರಂಗದ ಚೀಟಿ

ಬೆಂಗಳೂರಿನಲ್ಲಿ ಡೆಕಾತ್ಲಾನ್ ಎಂಬ ಕ್ರೀಡಾಸಾಮಗ್ರಿಯ ಮಳಿಗೆಗಳಲ್ಲಿ ಇನ್ನೊಂದು ವಿಧಾನವನ್ನು ಕಾಣಬಹುದು. ಅಲ್ಲಿ ಗೆರೆಗಳನ್ನು ಹುಡುಕಿ ತೋರಿಸಬೇಕಾಗಿಲ್ಲ. ಸಾಮಾನುಗಳನ್ನು ಒಂದು ತೊಟ್ಟಿಯಲ್ಲಿ ಹಾಕಿದರೆ ಸಾಕು, ಎಲ್ಲದರ ಪಟ್ಟಿಯೂ ಪರದೆಯ ಮೇಲೆ ಮೂಡುತ್ತದೆ. ಪ್ರತಿಯೊಂದು ವಸ್ತುವಿನ ಚೀಟಿಯಲ್ಲೂ ಒಂದು ಪುಟ್ಟ ಚಿಪ್ಪು ಮತ್ತು ಲೋಹದ ಆಂಟೆನಾ ಇರುತ್ತವೆ. ಚೀಟಿಗೆ ಬ್ಯಾಟರಿ ಇಲ್ಲ. ಯಂತ್ರ ಸೂಸುವ ರೇಡಿಯೊ ಅಲೆಗಳಿಂದಲೇ ಶಕ್ತಿಯನ್ನು ಪಡೆದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಮಂಗಳೂರಿಗೆ ಕಾರಿನಲ್ಲಿ ಹೋಗುವಾಗ ಬ್ರಹ್ಮರಕೂಟ್ಲುವಿನಂಥ ಟೋಲ್‌ಗೇಟಿನಲ್ಲಿ ಗಾಜಿಗಂಟಿಸಿದ ಫಾಸ್ಟ್ಯಾಗನ್ನು ಓದಿಸಿಕೊಂಡವರು ಇದರ ಅಣ್ಣನನ್ನು ಕಂಡಿದ್ದಾರೆ. ನಮ್ಮ ದೇಶದಲ್ಲಿ ಇಂಥ ಚೀಟಿಗಳಿಗೆ ೮೬೫ ಮೆಗಾಹರ್ಟ್ಸಿನಿಂದ ಮೇಲಿನ ಕಿರಿದಾದ ಒಂದು ಪಟ್ಟಿಯನ್ನು ಮೀಸಲಿಟ್ಟಿದ್ದಾರೆ; ಅಲೆಯುದ್ದ ಸುಮಾರು ೩೫ ಸೆಂಟಿಮೀಟರ್.

ಹಾಗಾದರೆ ಎಲ್ಲ ಅಂಗಡಿಗಳೂ ಈ ವಿಧಾನವನ್ನೇ ಏಕೆ ಅನುಸರಿಸುವುದಿಲ್ಲ? ಈ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ಲೋಹ ಹಿಂದಟ್ಟುತ್ತದೆ. ಅಂಗಿ, ಚೆಂಡು, ಪಾದರಕ್ಷೆಗಳಿಗೆ ಇದು ತಕ್ಕುದು. ಹಾಲಿನ ಪೊಟ್ಟಣ, ಸೌತೆಕಾಯಿ, ತಗಡಿನ ಡಬ್ಬಿಗಳಿಗೆ ಅಷ್ಟಾಗಿ ಒಗ್ಗದು. ಅಲ್ಲದೆ ಕೆಲವೇ ರೂಪಾಯಿಗಳ ಬೆಂಕಿಪೊಟ್ಟಣಕ್ಕೆ ಇಂಥ ಚೀಟಿ ಅಂಟಿಸಿದರೆ ವ್ಯಾಪಾರಿಗೆ ಉಳಿಯುವುದೇನು?

ಸಾಲಿನ ಲೆಕ್ಕ

ಯಂತ್ರದಿಂದ ವೇಳೆ ಉಳಿಯುತ್ತದೆ ಎಂಬ ಮಾತನ್ನು ಪರೀಕ್ಷಿಸೋಣ. ಗುಮಾಸ್ತನ ಕೈ ಪಳಗಿದುದು. ಒಂದು ಸಾಮಾನಿಗೆ ೨ ಸೆಕೆಂಡು ಬೇಕೆನ್ನೋಣ. ಗಿರಾಕಿಗೆ ೫ ಸೆಕೆಂಡು. ಹಣ ತೆರಲು ಇಬ್ಬರಲ್ಲೂ ೩೦ ಸೆಕೆಂಡು. ಇಪ್ಪತ್ತು ಸಾಮಾನುಗಳಿದ್ದರೆ ಗುಮಾಸ್ತನಲ್ಲಿ ೭೦ ಸೆಕೆಂಡು, ಯಂತ್ರದಲ್ಲಿ ೧೩೦ ಸೆಕೆಂಡು. ಗಿರಾಕಿಗೆ ನಷ್ಟವೆಂದೇ ತೋರುತ್ತದೆ. ಆದರೆ ಒಬ್ಬ ಗುಮಾಸ್ತನ ಸ್ಥಳದಲ್ಲಿ ನಾಲ್ಕು ಯಂತ್ರಗಳನ್ನು ನಿಲ್ಲಿಸಿದರೆ ಸರಾಸರಿ ೩೨ ಅಥವಾ ೩೩ ಸೆಕೆಂಡಿಗೊಬ್ಬ ಗಿರಾಕಿ ಹೊರಬೀಳುತ್ತಾನೆ. ಪ್ರತಿಯೊಬ್ಬನ ಕೆಲಸ ನಿಧಾನವಾದರೂ ಸಾಲು ಇಮ್ಮಡಿ ವೇಗದಿಂದ ಕರಗುತ್ತದೆ. ಒಂದೆರಡೇ ಸಾಮಾನು ಕೊಳ್ಳುವವನಿಗೆ ಲಾಭ ಸ್ಪಷ್ಟ. ಬಂಡಿ ತುಂಬ ಸಾಮಾನು, ಅದರಲ್ಲೂ ಗೆರೆಗಳಿಲ್ಲದ ತರಕಾರಿ ಹಣ್ಣುಗಳಿದ್ದರೆ ಗುಮಾಸ್ತನೇ ಮೇಲು. ಕದಳಿ ಬಾಳೆಯನ್ನೂ ನೇಂದ್ರ ಬಾಳೆಯನ್ನೂ ನಮ್ಮ ಗುಮಾಸ್ತ ಕಣ್ಣಳತೆಯಲ್ಲೇ ಬೇರ್ಪಡಿಸುತ್ತಾನೆ. ತಕ್ಕಡಿಗೆ ಎರಡೂ ಬರಿಯ ಭಾರ.

ನಷ್ಟದ ಬದಿ

ವ್ಯಾಪಾರಿಗೆ ಇದರಿಂದ ಸಂಬಳದ ವೆಚ್ಚ ಕಡಮೆಯಾಗುತ್ತದೆ. ಆದರೆ ಇನ್ನೊಂದು ಕಡೆಯಿಂದ ಸೋರಿಕೆ ಆರಂಭವಾಗುತ್ತದೆ. ಗಿರಾಕಿಗಳೇ ಸಾಮಾನುಗಳನ್ನು ಓದಿಸಿಕೊಂಡು ಹೋಗುವ ಅಂಗಡಿಗಳ ಸುಮಾರು ಹತ್ತು ಲಕ್ಷ ಖರೀದಿಗಳನ್ನು ಇಂಗ್ಲೆಂಡಿನ ಲೀಸ್ಟರ್ ವಿಶ್ವವಿದ್ಯಾನಿಲಯದ ಏಡ್ರಿಯನ್ ಬೆಕ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಬೆಲೆಯ ಲೆಕ್ಕದಲ್ಲಿ ಸುಮಾರು ೪ ಶೇಕಡಾದಷ್ಟು ಸಾಮಾನು ಲೆಕ್ಕಕ್ಕೆ ಸೇರದೆ ಹೊರಹೋಗಿತ್ತು. ಇದರಲ್ಲಿ ಕಳವೆಷ್ಟು, ಮರೆವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಇಂಗ್ಲೆಂಡಿನ ಬೂತ್ಸ್ ಎಂಬ ಅಂಗಡಿಗಳ ಸಂಸ್ಥೆ ೨೦೨೩ರ ನವೆಂಬರಿನಲ್ಲಿ, ಎರಡನ್ನು ಬಿಟ್ಟು ತನ್ನ ಉಳಿದೆಲ್ಲ ಅಂಗಡಿಗಳಿಂದ ಈ ಯಂತ್ರಗಳನ್ನು ತೆಗೆಯುವುದಾಗಿ ಸಾರಿತು. ಗಿರಾಕಿಗಳು ಮನುಷ್ಯರ ಸೇವೆಯನ್ನೇ ಬಯಸುತ್ತಾರೆ ಎಂಬುದು ಅದು ಕೊಟ್ಟ ಕಾರಣ.

ನಮ್ಮ ದೇಶದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಪುತ್ತೂರು, ಸುಳ್ಯ, ಕಡಬಗಳಿಂದ ಪಿ.ಯು.ಸಿ. ಮುಗಿಸಿ ಹೋದ ಎಷ್ಟೋ ಹುಡುಗಿಯರು, ಹುಡುಗರು ಪೇಟೆಯ ಅಂಗಡಿಗಳಲ್ಲಿ ಬಿಲ್ಲು ಬರೆಯುವ ಕೆಲಸದಿಂದ ತಮ್ಮ ಜೀವನವನ್ನು ಆರಂಭಿಸುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳೂ ಅವರಲ್ಲಿದ್ದಾರೆ. ಸಂಬಳ ದುಬಾರಿಯಾದ ದೇಶಗಳಲ್ಲಿ ಯಂತ್ರ ಬೇಗನೆ ತನ್ನ ಬೆಲೆಯನ್ನು ಗಳಿಸಿಕೊಡುತ್ತದೆ, ಇಲ್ಲಿ ಹಾಗಲ್ಲ. ನಮ್ಮಲ್ಲಿ ಈ ಯಂತ್ರಗಳು ನಿಧಾನವಾಗಿ ಬರುತ್ತಿರುವುದಕ್ಕೆ ಅದೂ ಒಂದು ಕಾರಣ. ಆದರೆ ಯಂತ್ರದ ಬೆಲೆ ಇಳಿಯುತ್ತ ಹೋದಂತೆ ಈ ತಕ್ಕಡಿಯ ಮುಳ್ಳು ಯಾವ ಕಡೆಗೂ ವಾಲಬಹುದು.

ನಂಬಿಕೆಯ ಅಂಗಡಿ

ಯಂತ್ರವಿಲ್ಲದೆಯೂ ಸ್ವಯಂಪಾವತಿ ಸಾಧ್ಯ. ದೋಸೆ ಹಿಟ್ಟಿಗೆ ಹೆಸರಾದ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಸಂಸ್ಥೆ ೨೦೧೬ರಲ್ಲಿ ವಸತಿ ಸಮುಚ್ಚಯಗಳಲ್ಲಿ 'ಟ್ರಸ್ಟ್ ಶಾಪ್' ಎಂಬ ಅಂಗಡಿಗಳನ್ನು ಇಟ್ಟಿತು. ಒಂದು ಶೀತಕಪಾಟು, ಪಕ್ಕದಲ್ಲಿ ಹಣ ಹಾಕುವ ಡಬ್ಬಿ. ನೋಡುವವರು ಯಾರೂ ಇಲ್ಲ. ಈಶಾನ್ಯದ ಮಿಜೋರಾಮಿನಲ್ಲಿ ಸೆಲಿಂಗ್ ಎಂಬಲ್ಲಿ ಹೆದ್ದಾರಿಯ ಬದಿಯ ರೈತರು ತರಕಾರಿಗಳನ್ನೂ ಬೆಲೆಯ ಚೀಟಿಯನ್ನೂ ಇಟ್ಟು ಗದ್ದೆಗೆ ಹೋಗಿಬಿಡುತ್ತಾರೆ. ಇಲ್ಲಿ ತಕ್ಕಡಿಯ ಕೆಲಸವನ್ನು ಮಾಡುವುದು ಕೊಳ್ಳುವವನ ಮನಸ್ಸು.

ಕೊಯಿಲದಲ್ಲೂ ಸ್ವಯಂಪಾವತಿಯ ಅರ್ಧಭಾಗ ಆಗಲೇ ಬಂದಿದೆ. ೨೦೧೬ರಲ್ಲಿ ಯು.ಪಿ.ಐ. ವ್ಯವಸ್ಥೆ ಆರಂಭವಾದ ಮೇಲೆ ಗಿರಾಕಿ ತನ್ನ ಫೋನಿನಿಂದ ಚೌಕದ ಸಂಕೇತವನ್ನು ಓದಿಸಿ, ಮೊತ್ತವನ್ನು ತಾನೇ ಒತ್ತಿ, ಹಣ ಕಳುಹಿಸುತ್ತಾನೆ. ಮೇಜಿನ ಮೇಲಿನ ಪೆಟ್ಟಿಗೆ ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. ಆದರೆ ಮೊದಲ ಮೂರು ಕೆಲಸಗಳು ಇನ್ನೂ ಅಂಗಡಿಯವರ ಕೈಯಲ್ಲಿವೆ. ಅವುಗಳ ಜೊತೆಗೆ ಯಾವ ಯಂತ್ರವೂ ಮಾಡದ ಐದನೆಯದೊಂದು ಕೆಲಸವೂ ಇದೆ. ಆಟಿಯ ಮಳೆ ಸುರಿಯುವಾಗ, ಮಾರಲು ಅಡಿಕೆಯಿಲ್ಲದೆ ಕೈ ಬರಿದಾದವನಿಗೆ, "ಇರಲಿ, ಬರೆದುಕೊಳ್ಳುತ್ತೇನೆ" ಎಂದು ಅಕ್ಕಿ ತೂಗಿ ಕೊಡುವುದು. ಹಾಗೆ ಬರೆದಿಟ್ಟ ಪುಸ್ತಕದಲ್ಲಿ ತಪ್ಪು ಕಂಡುಬಂದರೆ ಇಬ್ಬರೂ ಕುಳಿತು ಮಾತಾಡಿ ತಿದ್ದಿಕೊಳ್ಳುತ್ತಾರೆ.

ಎರಡು ಸಾಮಾನು ಹಿಡಿದು ಬಸ್ಸಿಗೆ ಓಡುವವನಿಗೆ ಯಂತ್ರ ಇರಲಿ; ಕಣ್ಣು ಮಂಜಾದವರಿಗೆ, ಫೋನು ಬಳಸಲು ಬಾರದವರಿಗೆ, ಬಂಡಿ ತುಂಬಿದವರಿಗೆ ಮನುಷ್ಯನಿರುವ ಮೇಜೂ ಇರಲಿ. ಯಂತ್ರ ನಿಂತಾಗ ಬರುವವನು ಮೊದಲು ಹಲಗೆಯ ಮೇಲೆ ಒದ್ದೆ ಕೊಡೆ ಇದೆಯೇ ಎಂದು ನೋಡಲಿ. ತಾಯಿಯವರು ಈಗಲೂ ಬೆಂಗಳೂರಿಗೆ ಬಂದಾಗ ಅಂಗಡಿಯ ಬಾಗಿಲಲ್ಲೇ ಕೊಡೆಯನ್ನು ನನ್ನ ಕೈಗೆ ಕೊಟ್ಟು, "ನೀನು ಹೋಗಿ ಬಾ, ನಾನು ಇಲ್ಲೇ ನಿಲ್ಲುತ್ತೇನೆ" ಎನ್ನುತ್ತಾರೆ.