ಗಾಂಜಾ: ಮರ್ಯಾದೆ ದೊಡ್ಡದೋ, ಮಗ ದೊಡ್ಡವನೋ?

ಅಮಲು ಹರಾಂ ಅಂತ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ನಮ್ಮ ಜಮಾಅತ್‌ಗಳ ಹದಿನಾರು, ಹದಿನೇಳರ ಹುಡುಗರ ಕೈಗೆ ಗಾಂಜಾ ತಲುಪುತ್ತಿದೆ. ‘ಅದು ಬರೀ ಸೊಪ್ಪು, ಶರಾಬಿನ ಹಾಗಲ್ಲ’ ಅಂತ ಗೆಳೆಯರು ನಂಬಿಸುತ್ತಾರೆ.

ಬರೀ ಸೊಪ್ಪಲ್ಲ. ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುತ್ತದೆ. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶ ನೆನಪು, ಗಮನ ಎರಡನ್ನೂ ಕುಗ್ಗಿಸುತ್ತದೆ. ಎಳೆಯ ವಯಸ್ಸಿನಲ್ಲೇ ಶುರುಮಾಡಿ ದಿನಾ ಸೇದುವವರಿಗೆ ಸೈಕೋಸಿಸ್ ಎಂಬ ಮನೋರೋಗದ ಅಪಾಯ ಹೆಚ್ಚು. ಕುಟುಂಬದಲ್ಲಿ ಮೊದಲೇ ಅಂಥ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಸೇದಿದವರಿಗೆಲ್ಲ ಅದು ಬರುವುದಿಲ್ಲ, ಆದರೆ ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳಲೂ ಆಗದು.

ಹುಡುಗ ರಾತ್ರಿಯಿಡೀ ಎಚ್ಚರವಿದ್ದು ಹಗಲು ಮಲಗುತ್ತಾನೆ. ಉಮ್ಮನ ಮೇಲೂ ಸಂಶಯ ಪಡುತ್ತಾನೆ. ಯಾರೋ ಮಾತಾಡುವುದು ಕೇಳಿಸುತ್ತದೆ ಅನ್ನುತ್ತಾನೆ. ಆಗ ನಾವೇನು ಮಾಡುತ್ತೇವೆ? ‘ಮಾಟ ಮಾಡಿಸಿದ್ದಾರೆ’ ಅಂತ ನೂಲು ಕಟ್ಟಿಸಿ, ಮಂತ್ರಿಸಿದ ನೀರು ಕುಡಿಸಿ ತಿಂಗಳುಗಟ್ಟಲೆ ಕಾಯುತ್ತೇವೆ. ದುಆ ಬೇಡ ಅಂತ ಉಸ್ತಾದರಾದ ನಾವು ಹೇಳುವುದಿಲ್ಲ. ಆದರೆ ಕಾಲು ಮುರಿದವನನ್ನು ಬರೀ ದುಆ ಮಾಡಿ ಮನೆಯಲ್ಲೇ ಮಲಗಿಸುತ್ತೇವಾ? ರೋಗಕ್ಕೆ ಮದ್ದು ಹುಡುಕುವುದೂ ಸುನ್ನತ್. ಈ ರೋಗಕ್ಕೆ ಮದ್ದಿದೆ, ಬೇಗ ಹೋದಷ್ಟು ಒಳ್ಳೆಯದು.

ಇನ್ನು ಕೆಲವರು ‘ಗಲ್ಫಿಗೆ ಕಳಿಸಿದ್ರೆ ಸರಿಯಾಗ್ತಾನೆ’ ಅಂತಾರೆ. ಚಟ ವಿಮಾನ ಹತ್ತಿದ ಕೂಡಲೇ ಬಿಟ್ಟುಹೋಗುವುದಿಲ್ಲ. ಅಲ್ಲಿನ ಕಾನೂನು ಇಲ್ಲಿಗಿಂತ ಕಠಿಣ, ಸಿಕ್ಕಿಬಿದ್ದರೆ ಬಿಡಿಸಿಕೊಂಡು ಬರುವುದು ಸುಲಭವಲ್ಲ.

‘ಆಸ್ಪತ್ರೆಗೆ ಹೋದರೆ ಕೇಸಾಗುತ್ತೆ, ಮಗಳ ಮದುವೆ ಸಂಬಂಧ ತಪ್ಪುತ್ತೆ’ ಎಂಬ ಹೆದರಿಕೆಯೂ ಇದೆ. 1985ರ ಮಾದಕ ವಸ್ತು ಕಾಯ್ದೆಯಲ್ಲೇ, ಚಟಕ್ಕೆ ಬಿದ್ದವನು ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಪಡೆದರೆ ಸೇವನೆಯ ಕೇಸಿನಿಂದ ರಕ್ಷಣೆ ಇದೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋರೋಗ ವೈದ್ಯರಿದ್ದಾರೆ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗಾಂಜಾ ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಬಾರದು, ಊಟ ಸೇರದು, ಸಿಟ್ಟು ಜಾಸ್ತಿ. ಅದನ್ನು ಹಟ ಅಂದುಕೊಂಡು ಹೊಡೆಯಬೇಡಿ, ಮನೆಯಿಂದ ಹೊರಗೆ ಹಾಕಬೇಡಿ. ಹೊರಗೆ ಹಾಕಿದರೆ ಅವನು ಹೋಗುವುದು ಮತ್ತೆ ಅದೇ ಗೆಳೆಯರ ಹತ್ತಿರ.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಮಾರುವವನ ಹೆಸರನ್ನು ಪೊಲೀಸರಿಗೆ ಕೊಡಿ. ಸೇದಿದ ಹುಡುಗನ ಹೆಸರನ್ನು ಮಸೀದಿ ಜಗಲಿಯಲ್ಲಿ ಆಡಿಕೊಳ್ಳುವುದನ್ನು ನಿಲ್ಲಿಸಿ. ಆಗ ಅವನ ಉಪ್ಪ ಧೈರ್ಯವಾಗಿ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾರೆ.