ಡಗ್ಗಾ ಕೇಳಬೇಕು, ಕಿವಿಯೂ ಉಳಿಯಬೇಕು
ಜೇವರ್ಗಿ ಸೀಮೆಯ ಭಜನಾ ಮೇಳಗಳಿಗೆ ಕೆಳದನಿಯ ಕೈಪಿಡಿ

ಜೇವರ್ಗಿ ಸೀಮೆಯಲ್ಲಿ ಭಜನಾ ಮೇಳವಿಲ್ಲದ ಊರನ್ನು ಹುಡುಕಬೇಕು. ಶ್ರಾವಣ ಸೋಮವಾರ, ಅಮಾವಾಸ್ಯೆ, ಪುರಾಣ ಮಂಗಲ, ಜಾತ್ರೆ ಎಂದರೆ ಪೇಟಿ-ತಬಲಾ ಹೊರಬೀಳುತ್ತವೆ. ಊರಲ್ಲಿ ಯಾರಾದರೂ ತೀರಿಕೊಂಡ ರಾತ್ರಿಯೂ ಅಷ್ಟೇ. ಹಾಡುವುದು ಹೆಚ್ಚಾಗಿ ತತ್ವಪದ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯಬಳಗದ ಚೆನ್ನೂರು ಜಲಾಲಸಾಹೇಬ, ಖೈನೂರು ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಹೀಗೆ ಜಾತಿ-ಮತದ ಗೋಡೆ ದಾಟಿದ ದೊಡ್ಡ ಪರಂಪರೆಯೇ ಈ ನೆಲದಲ್ಲಿದೆ. ಜೇವರ್ಗಿಯವರೇ ಆದ ಷಣ್ಮುಖ ಶಿವಯೋಗಿಗಳ ‘ಅಖಂಡೇಶ್ವರ’ ಅಂಕಿತದ ವಚನಗಳೂ ಉಂಟು. ಪದಗಳ ಬಗ್ಗೆ, ಪದಕಾರರ ಬಗ್ಗೆ ಪುಸ್ತಕಗಳು ಸಾಕಷ್ಟು ಬಂದಿವೆ. ಆ ಪದವನ್ನು ಕೂತ ಜನರ ಕಿವಿಗೆ ಮುಟ್ಟಿಸುವ ಸಾಮಾನಿನ ಬಗ್ಗೆ ಮಾತು ಕಡಿಮೆ.

ಮೇಳದ ಕಟ್ಟು ಸರಳ. ಒಬ್ಬರು ಪದ ಎತ್ತಿಕೊಡುತ್ತಾರೆ, ಹಿಮ್ಮೇಳ ಹಿಡಿದುಕೊಳ್ಳುತ್ತದೆ. ಜೊತೆಗೆ ಪೇಟಿ (ಹಾರ್ಮೋನಿಯಂ), ತಬಲಾ-ಡಗ್ಗಾ, ತಾಳ, ದಮ್ಮಡಿ, ಎಲ್ಲೋ ಒಂದು ಏಕತಾರಿ. ಇಷ್ಟರಲ್ಲಿ ಕೆಳದನಿಯ ಭಾರ ಹೊರುವವು ಎರಡೇ: ಡಗ್ಗಾ ಮತ್ತು ಪೇಟಿಯ ಖರ್ಜ, ಅಂದರೆ ಕೆಳಗಿನ ಸಾಲು. ಗುಡಿಯ ಕಟ್ಟೆಯ ಮೇಲೆ ಬರಿಗಂಟಲಲ್ಲಿ ಹಾಡುವಾಗ ಎರಡೂ ಚೆನ್ನಾಗಿ ಕೇಳುತ್ತವೆ. ಮೈಕ್ ಹಚ್ಚಿದ ಕೂಡಲೇ ಮಾಯವಾಗುವವೂ ಇವೇ. ಆಗ ಯಾರೋ ಒಬ್ಬರು ಎದ್ದು ಆಂಪ್ಲಿಫೈಯರ್‌ನ ಗುಂಡಿ ತಿರುಗಿಸುತ್ತಾರೆ. ತಾಳದ ಝಣಝಣ ಕಿವಿ ಕೊರೆಯುತ್ತದೆ, ಮೈಕ್ ಸೀಟಿ ಹೊಡೆಯುತ್ತದೆ, ಡಗ್ಗಾ ಮಾತ್ರ ಇದ್ದಲ್ಲೇ ಇರುತ್ತದೆ. ಕೆಳದನಿ ಗುಂಡಿಯಿಂದ ಬರುವುದಿಲ್ಲ. ಯಾವ ಸಾಮಾನನ್ನು ಎಲ್ಲಿ ಇಟ್ಟೆವು ಎಂಬುದರಿಂದ ಬರುತ್ತದೆ.

ಮೊದಲು ವಾದ್ಯ

ತಬಲಾದ ಕರಣೆ (ಕಪ್ಪು ಬೊಟ್ಟು) ಚರ್ಮದ ನಟ್ಟನಡುವೆ ಇರುತ್ತದೆ, ಡಗ್ಗಾದ್ದು ಒಂದು ಪಕ್ಕಕ್ಕೆ ಸರಿದಿರುತ್ತದೆ. ಕರಣೆ ಹಾಕಿದ ಚರ್ಮದ ಉಪಸ್ವರಗಳು ತಂತಿವಾದ್ಯದಲ್ಲಿ ಬರುವ ಹಾಗೆ ಕ್ರಮವಾಗಿ ಜೋಡಿಕೊಳ್ಳುತ್ತವೆ ಎಂಬುದನ್ನು ಸಿ.ವಿ. ರಾಮನ್ ಅವರು ಶಿವಕಾಲಿ ಕುಮಾರ್ ಜೊತೆಗೂಡಿ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ನಡುವೆ ಕರಣೆಯಿರುವ ತಬಲಾ ಖಚಿತ ಸ್ವರ ಕೊಡುತ್ತದೆ, ಗದ್ದಲದ ನಡುವೆಯೂ ಸೀಳಿಕೊಂಡು ಹೋಗುತ್ತದೆ. ಡಗ್ಗಾದಲ್ಲಿ ಬಾರಿಸುವವರ ಅಂಗೈಯ ಬುಡ ಬಯಲು ಚರ್ಮವನ್ನು ಒತ್ತಿ ಜಾರುತ್ತದೆ, ದನಿ ಕೆಳಗಿಂದ ಮೇಲಕ್ಕೆ ಜೀಕುತ್ತದೆ. ಅದರ ಮೂಲ ಕಂಪನ ಸೆಕೆಂಡಿಗೆ ಸುಮಾರು ನೂರರ ಆಚೀಚೆ, ಅಂದರೆ 100 ಹರ್ಟ್ಜ್ ಆಸುಪಾಸು. ಕಿವಿ ಈ ಕೆಳಗಿನ ದನಿಗಳಿಗೆ ಮೊದಲೇ ಮಂದ. ಅವು ಮಧ್ಯದ ದನಿಗಳಷ್ಟೇ ಜೋರಾಗಿ ಕೇಳಬೇಕಾದರೆ ಹೆಚ್ಚು ಶಕ್ತಿ ಬೇಕು ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಒಟ್ಟು ದನಿ ತಗ್ಗಿಸಿದಾಗ ಎಲ್ಲಕ್ಕಿಂತ ಮೊದಲು ಡಗ್ಗಾ ಕಣ್ಮರೆಯಾಗುವುದು ಇದೇ ಕಾರಣಕ್ಕೆ.

ಪೇಟಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ರೀಡಿನದು. ಅಂಗಡಿಯವರು ಖರ್ಜ, ನರ, ಮಾದಿ ಎಂದು ಮೂರು ಬಗೆ ಹೇಳುತ್ತಾರೆ. ಖರ್ಜ ಎಲ್ಲಕ್ಕಿಂತ ಕೆಳಗಿನ ಸಾಲು, ನರ ಅದಕ್ಕಿಂತ ಒಂದು ಸಪ್ತಕ ಮೇಲೆ, ಮಾದಿ ಇನ್ನೂ ಮೇಲೆ. ಎರಡು ಸಾಲಿನ ಪೇಟಿ ಕೊಳ್ಳುವ ಮೇಳ ಗಂಡುದನಿಯದಾದರೆ ಖರ್ಜ-ನರ ಜೋಡಿಯೇ ಮೇಲು. ನರ-ಮಾದಿ ಜೋಡಿ ಹೆಂಗಸರ ಮೇಳಕ್ಕೆ ಹೊಂದುತ್ತದೆ. ಖರ್ಜದ ರೀಡು ಉದ್ದ, ಗಾಳಿ ಹೆಚ್ಚು ತಿನ್ನುತ್ತದೆ. ಹಾಗಾಗಿ ತಿದಿಯಲ್ಲಿ ಸೋರಿಕೆ ಇದೆಯೇ ಎಂದು ಅಂಗಡಿಯಲ್ಲೇ ನೋಡಬೇಕು: ತಿದಿ ತುಂಬಿ, ಯಾವ ಮನೆಯನ್ನೂ ಒತ್ತದೆ ಬಿಟ್ಟರೆ ಅದು ನಿಧಾನವಾಗಿ ಇಳಿಯಬೇಕು. ಥಟ್ಟನೆ ಕುಸಿದರೆ ಖರ್ಜ ದಕ್ಕುವುದಿಲ್ಲ.

ಡೊಳ್ಳಿಗೆ ಮಾತ್ರ ಕೆಳದನಿ ಕಳೆದುಹೋಗುವ ಚಿಂತೆಯಿಲ್ಲ. ಬಯಲಲ್ಲಿ ಅದಕ್ಕೆ ಮೈಕೇ ಬೇಡ. ಹಚ್ಚಲೇಬೇಕಾದರೆ ಒಂದು ಮಾರು ದೂರದಲ್ಲಿ ಒಂದಿದ್ದರೆ ಸಾಕು. ಕವ್ವಾಲಿಯ ಢೋಲಕ್‌ನಲ್ಲಿ ಎಡಗಡೆಯ ಚರ್ಮಕ್ಕೆ ಒಳಗಿನಿಂದ ಮಸಾಲೆ ಬಳಿದು ದನಿ ಇಳಿಸಿರುತ್ತಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಹಾಡುವವರಿಗೂ ಕಲಬುರಗಿಯ ಬಂದೇನವಾಜ್ ದರ್ಗಾದಲ್ಲಿ ಹಾಡುವವರಿಗೂ ಮೈಕ್ ಆ ಎಡಗಡೆಗೇ ಇರಬೇಕು.

ಹಾರ್ನ್ ಒಂದು ಕೆಲಸಕ್ಕೆ, ಬಾಕ್ಸ್ ಇನ್ನೊಂದಕ್ಕೆ

ಗುಡಿಯ ಗೋಪುರಕ್ಕೆ ಕಟ್ಟುವ ತಗಡಿನ ಹಾರ್ನ್ ದೂರಕ್ಕೆ ಮಾತು ಮುಟ್ಟಿಸಲೆಂದೇ ಹುಟ್ಟಿದ್ದು. ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನದನ್ನು ಅದು ಸಾಮಾನ್ಯವಾಗಿ ದಾಟಿಸುವುದಿಲ್ಲ. 100 ಹರ್ಟ್ಜ್ ದನಿಯ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಅರ್ಧ ಮೀಟರ್ ಬಾಯಿಯ ತುತ್ತೂರಿಗೆ ಅದನ್ನು ಹಿಡಿದು ತಳ್ಳುವ ಶಕ್ತಿಯಿಲ್ಲ. ಹಾರ್ನ್‌ನಲ್ಲೂ ಡಗ್ಗಾ ಬಾರಿಸಿದ್ದು ಗೊತ್ತಾಗುತ್ತದೆ ನಿಜ. ಅದು ಡಗ್ಗಾದ ಮೇಲಿನ ಉಪಸ್ವರ ಕೇಳಿ ಕಿವಿ ಊಹಿಸಿಕೊಂಡದ್ದು. ಎದೆಗೆ ಮುಟ್ಟುವ ಗುಮಕು ಅದರಲ್ಲಿಲ್ಲ. ಭಜನೆಗೆ ಹಾರ್ನ್ ಬೇಡ. ‘ಪ್ರಸಾದಕ್ಕೆ ಬರ್ರಿ’ ಎಂದು ಕೂಗಲು ಇರಲಿ.

ಇನ್ನೂರು-ಮುನ್ನೂರು ಜನ ಕೂರುವ ಭಜನೆಗೆ 12 ಅಥವಾ 15 ಇಂಚಿನ ಎರಡು ಬಾಕ್ಸ್ ಧಾರಾಳ ಸಾಕು. ಅವುಗಳನ್ನು ಸ್ಟ್ಯಾಂಡಿನ ಮೇಲೆ, ಕೂತವರ ತಲೆಗಿಂತ ಎತ್ತರದಲ್ಲಿ, ಹಾಡುವವರಿಗಿಂತ ಮುಂದೆ ನಿಲ್ಲಿಸಬೇಕು. ಬೇಸ್ ಬಾಕ್ಸ್ ಬೇಕೆಂದರೆ ಅದು ನೆಲದ ಮೇಲೆ. ಸ್ಟ್ಯಾಂಡ್ ಹತ್ತಿಸಬಾರದು, ನೆಲ ತಾಗಿದ ಬೇಸ್ ಬಾಕ್ಸ್ ಅದೇ ಕರೆಂಟಿಗೆ ಹೆಚ್ಚು ಗುಮಕು ಕೊಡುತ್ತದೆ. ಎರಡಿದ್ದರೆ ಎಡಕ್ಕೊಂದು ಬಲಕ್ಕೊಂದು ಹಂಚದೆ ಅಕ್ಕಪಕ್ಕ ಅಂಟಿಸಿ ಇಡಿ. ಹಂಚಿದರೆ ನಡುವಿನ ಪಟ್ಟಿಯಲ್ಲಿ ಕೂತವರಿಗೆ ವಿಪರೀತ ಬೇಸ್, ಎರಡು ಮಾರು ಸರಿದವರಿಗೆ ಏನೂ ಇಲ್ಲ ಎಂಬಂತಾಗುತ್ತದೆ. ಜಾತ್ರೆಗೆ ತಂದ ಡಿಜೆ ಬಾಕ್ಸ್‌ಗಳನ್ನೇ ಭಜನೆಗೂ ಹಚ್ಚುವುದು ಈಗ ರೂಢಿ. ರೆಕಾರ್ಡಿನ ಎಲೆಕ್ಟ್ರಾನಿಕ್ ಏಟಿಗೆ ಹೊಂದಿಸಿದ ಆ ಬಾಕ್ಸ್‌ನಲ್ಲಿ ಡಗ್ಗಾ ಒಂದೇ ಸಮ ಗುಂಯ್‌ಗುಡುತ್ತದೆ, ಬೋಲು ತಿಳಿಯುವುದಿಲ್ಲ. ಹಾಗಾದಾಗ ಬೇಸ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಲು ಸೌಂಡಿನವರಿಗೆ ಧೈರ್ಯವಾಗಿ ಹೇಳಬೇಕು.

ವಾಟ್ ಲೆಕ್ಕಕ್ಕೆ ಮರುಳಾಗಬಾರದು. ವಾಟ್ ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ, ‘ಹ್ಞಾಂ, ಒಂಚೂರು ಹೆಚ್ಚಾಯಿತು’ ಎನ್ನುವಷ್ಟು. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಇರುವ ವಾಟ್ ತಂತಿಯಲ್ಲೇ ಸುಟ್ಟುಹೋಗದಂತೆ ನೋಡಿಕೊಂಡರೆ ಅದೇ ದೊಡ್ಡ ಲಾಭ. 30 ಮೀಟರ್ ದೂರದ 8 ಓಮ್ ಬಾಕ್ಸ್‌ಗೆ 0.5 ಚದರ ಮಿಲಿಮೀಟರ್‌ನ ಬಡಕಲು ವೈರ್ ಎಳೆದರೆ ಹೋಗಿಬರುವ ದಾರಿಯಲ್ಲಿ 2 ಓಮ್‌ಗೂ ಹೆಚ್ಚು ಅಡ್ಡಿ, ಶಕ್ತಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಖೋತಾ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ಆ ಖೋತಾ ಶೇ 10ರಷ್ಟಕ್ಕೆ ಇಳಿಯುತ್ತದೆ.

ನಾಲ್ಕು ಮೈಕ್ ಸಾಕು

ಎಂಟು ಮಂದಿಗೆ ಎಂಟು ಮೈಕ್ ಇಡುವುದು ದೊಡ್ಡಸ್ತಿಕೆ. ತೆರೆದ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದ ಹಾಗೆಲ್ಲ ಸೀಟಿ ಹೊಡೆಯುವ ಅಂಚು 3 ಡೆಸಿಬೆಲ್ ಹತ್ತಿರ ಬರುತ್ತದೆ. ಎತ್ತಿಕೊಡುವವರಿಗೆ ಒಂದು, ಹಿಮ್ಮೇಳಕ್ಕೆ ಒಂದು, ಪೇಟಿಗೆ ಒಂದು, ಡಗ್ಗಾಕ್ಕೆ ಒಂದು. ತಾಳಕ್ಕೆ ಮೈಕ್ ಬೇಡವೇ ಬೇಡ, ಅದು ಬೇರೆಯವರ ಮೈಕ್‌ನಲ್ಲೇ ಬೇಕಾದಷ್ಟು ಬಂದಿರುತ್ತದೆ. ತಾಳದವರು ಹಿಂದಿನ ಸಾಲಿಗೆ ಸರಿದು ಕೂತರೆ ಇನ್ನೂ ಒಳ್ಳೆಯದು.

ತಬಲಾ-ಡಗ್ಗಾಕ್ಕೆ ಒಂದೇ ಮೈಕ್ ಎಂದಾದರೆ ಅದನ್ನು ಎರಡರ ನಡುವೆ ಇಡದೆ ಡಗ್ಗಾದ ಕಡೆಗೆ ವಾಲಿಸಬೇಕು. ಚರ್ಮದಿಂದ ಒಂದು ಗೇಣು ಮೇಲೆ, ಅಂಗೈ ಊರುವ ಜಾಗಕ್ಕೆ ಎದುರಿನ ಅಂಚಿಗೆ ಗುರಿ. ಸ್ಟೇಜ್‌ಗಳಲ್ಲಿ ಬಳಸುವ ಏಕಮುಖಿ ಮೈಕ್‌ಗೆ ಒಂದು ಗುಣವಿದೆ: ದನಿಯ ಮೂಲಕ್ಕೆ ಹತ್ತಿರವಾದಷ್ಟೂ ಕೆಳದನಿ ಉಬ್ಬುತ್ತದೆ. ಡಗ್ಗಾದ ಮೈಕನ್ನು ಒಂದು ಗೇಣಿನಿಂದ ನಾಲ್ಕು ಬೆರಳಿಗೆ ಇಳಿಸಿ ನೋಡಿ, ಯಾವ ಗುಂಡಿಯನ್ನೂ ಮುಟ್ಟದೆ ದನಿ ತುಂಬಿಕೊಳ್ಳುತ್ತದೆ. ಅದೇ ಗುಣ ಹಾಡುಗಾರರಿಗೆ ತೊಡಕು. ಮೈಕ್ ನುಂಗುವ ಹಾಗೆ ತುಟಿಗೆ ಒತ್ತಿ ಹಾಡಿದರೆ ಪದದ ಅಕ್ಷರಗಳು ಗುಡುಗುಡು ಎಂದು ಮುಳುಗುತ್ತವೆ. ತತ್ವಪದದಲ್ಲಿ ಮಾತೇ ಮುಖ್ಯ. ಹಾಡುವವರ ಮೈಕ್‌ಗಳಿಗೆ ಮಿಕ್ಸರ್‌ನ ಕೆಳದನಿ ಕತ್ತರಿಸುವ ‘ಲೋ ಕಟ್’ ಒತ್ತಿ, ಡಗ್ಗಾ ಮತ್ತು ಪೇಟಿಯ ಮೈಕ್‌ಗೆ ಒತ್ತಬೇಡಿ. ಕೆಳದನಿಗೆ ಜಾಗ ಸಿಗುವುದು ಹೀಗೆ.

ಪೇಟಿಯ ಮೈಕ್ ಮನೆಗಳ ಮುಂದೆ ಒಂದು ಗೇಣು ದೂರ, ನಡುವಿಗಿಂತ ತುಸು ಎಡಕ್ಕೆ. ತಿದಿಯ ಕಡೆ ಇಟ್ಟರೆ ಗಾಳಿಯ ಬುಸುಬುಸು ಮತ್ತು ಹಲಗೆಯ ಟಕಟಕವೇ ಕೇಳುತ್ತದೆ. ಹಲಗೆಯ ಸ್ಟೇಜು, ಟ್ರ್ಯಾಲಿಯ ಸ್ಟೇಜು ಒಳಗೆ ಟೊಳ್ಳು. ಕಾಲಿನ ಸಪ್ಪಳ ಸ್ಟ್ಯಾಂಡ್ ಹತ್ತಿ ಮೈಕ್ ಸೇರುತ್ತದೆ. ಸ್ಟ್ಯಾಂಡಿನ ಬುಡಕ್ಕೆ ನಾಲ್ಕು ಮಡಿಕೆಯ ಕೌದಿ ಹಾಸಿದರೆ ಆ ಕಾಟ ತಪ್ಪುತ್ತದೆ.

ಆರ್ಕೆಸ್ಟ್ರಾದ ಬೇಸ್

ಭಜನೆಯಾಚೆಗೂ ಕೆಳದನಿಯ ಪ್ರಶ್ನೆಯಿದೆ. ಜಾತ್ರೆಯ ರಸಮಂಜರಿಗಳಲ್ಲಿ ಬೇಸ್ ಸಾಮಾನ್ಯವಾಗಿ ಕೀಬೋರ್ಡ್‌ನ ಎಡಗೈಯಲ್ಲೇ ಮುಗಿಯುತ್ತದೆ. ಬೇಸ್ ಗಿಟಾರ್ ಕಲಿಯಬೇಕೆಂಬ ಹುಡುಗರು ಈಗ ಅಲ್ಲಲ್ಲಿ ಕಾಣುತ್ತಾರೆ. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯೇ ಇವತ್ತಿಗೂ ಅಡಿಪಾಯ: ನಾಲ್ಕು ತಂತಿ, ಅತಿ ಕೆಳಗಿನದು ಸುಮಾರು 41 ಹರ್ಟ್ಜ್. ಕಲಿಯಲು ನಾಲ್ಕು ತಂತಿ ಸಾಕು, ಐದರ ಆಸೆ ಆಮೇಲೆ. ಕೈ ಚಿಕ್ಕದಿದ್ದರೆ 34 ಇಂಚಿನ ಬದಲು 30 ಇಂಚಿನ ಗಿಡ್ಡ ಅಳತೆಯದು ಸಿಗುತ್ತದೆ. ಹಳೆಯದನ್ನು ಕೊಳ್ಳುವಾಗ ಕುತ್ತಿಗೆಯನ್ನು ಕಣ್ಣಿಗೆ ಹಿಡಿದು ಬಾಗಿದೆಯೇ ನೋಡಿ, ಪ್ರತಿ ಮನೆಯಲ್ಲೂ ತಂತಿ ಮೀಟಿ ಗರಗರ ಬರುತ್ತದೆಯೇ ಕೇಳಿ.

ಅದನ್ನು ಮಾಮೂಲಿ ಗಿಟಾರಿನ ಆಂಪ್‌ಗೆ ಜೋರಾಗಿ ಹಚ್ಚಿದರೆ ಸ್ಪೀಕರಿನ ಕಾಗದ ಹರಿಯಬಹುದು. ಬೇಸಿನದೇ ಆಂಪ್ ಇಲ್ಲದಿದ್ದರೆ ಡಿಐ ಬಾಕ್ಸ್ ಎಂಬ ಚಿಕ್ಕ ಡಬ್ಬಿಯ ಮೂಲಕ ನೇರ ಮಿಕ್ಸರ್‌ಗೆ ಕೊಡಬಹುದು. ಕೀಬೋರ್ಡ್‌ಗೂ ಆಕ್ಟೋಪ್ಯಾಡ್‌ಗೂ ಇದೇ ಮದ್ದು, ಉದ್ದ ಕೇಬಲ್‌ನ ಗುಂಯ್‌ಗುಟ್ಟುವಿಕೆಯೂ ನಿಲ್ಲುತ್ತದೆ. ಬೇಸ್ ನುಡಿಸುವವರು ಡ್ರಮ್ ಅಥವಾ ಢೋಲಕ್‌ನವರ ಪಕ್ಕದಲ್ಲೇ ನಿಲ್ಲಲಿ, ಲಯ ಜೊತೆಗಿರುತ್ತದೆ.

ಎರೆಮಣ್ಣಿನ ಅರ್ಥಿಂಗ್

ಈ ಸೀಮೆಯ ಎರೆಭೂಮಿ ತೊಗರಿಗೆ ಹೇಳಿ ಮಾಡಿಸಿದ್ದು. ಅರ್ಥಿಂಗ್ ವಿಷಯದಲ್ಲಿ ಮಾತ್ರ ಅದು ಋತುಮಾನ ನೋಡಿ ನಡೆಯುತ್ತದೆ. ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಇಂಗಿಸಿಕೊಳ್ಳುವ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ನೆಟ್ಟ ಸರಳಿನಿಂದ ದೂರ ಸರಿಯುತ್ತದೆ. ಜಾತ್ರೆಗಳು ಹೆಚ್ಚಾಗಿ ನಡೆಯುವುದು ಆ ದಿನಗಳಲ್ಲೇ. ಸರಳಿನ ಬುಡಕ್ಕೆ ಬೆಳಗ್ಗೆ, ಸಂಜೆ ಎರಡು ಕೊಡ ನೀರು ಹಾಕುವುದು ಸೌಂಡಿನವರ ಕೆಲಸದ ಭಾಗವೇ ಆಗಬೇಕು. ಗುಂಯ್ ಎನ್ನುತ್ತದೆಂದು ಪ್ಲಗ್‌ನ ಮೂರನೆಯ ಪಿನ್ ಮುರಿಯುವವರಿದ್ದಾರೆ. ಲೋಹದ ಮೈಕ್ ಹಿಡಿದು ಹಾಡುವವರ ಜೀವ ಆ ಪಿನ್ನಿನ ಮೇಲೆ ನಿಂತಿದೆ. ಗುಂಯ್‌ಗುಟ್ಟುವುದಕ್ಕೆ ಪರಿಹಾರ ಬೇರೆ: ಎಲ್ಲ ಸಾಮಾನಿಗೂ ಒಂದೇ ಕಡೆಯಿಂದ ಕರೆಂಟು ಕೊಡುವುದು, ಮೈಕ್ ಕೇಬಲನ್ನು ಕರೆಂಟಿನ ವೈರ್ ಜೊತೆ ಸುತ್ತದೆ ದೂರ ಎಳೆಯುವುದು, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸುವುದು. ಆಂಪ್ಲಿಫೈಯರ್ ನೆರಳಲ್ಲಿರಲಿ, ಧೂಳಿಗೆಂದು ಅದರ ಮೇಲೆ ಬಟ್ಟೆ ಹೊದಿಸಿದರೆ ಫ್ಯಾನ್ ಉಸಿರುಗಟ್ಟುತ್ತದೆ.

ರಾತ್ರಿ ಹತ್ತರ ಮೇಲೆ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಹರಿದಿನಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಉಳಿದಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಅಹೋರಾತ್ರಿ ಭಜನೆಯವರಿಗೆ ಇದು ಅಡ್ಡಿಯೆಂದು ಕಾಣಬಹುದು. ಹತ್ತರವರೆಗೆ ಬಾಕ್ಸ್, ಆಮೇಲೆ ಮೈಕ್ ತೆಗೆದು ಜನರನ್ನು ಹತ್ತಿರ ಕೂರಿಸಿಕೊಂಡು ಬರಿದನಿಯಲ್ಲಿ ಹಾಡುವುದು ನಿಜವಾದ ದಾರಿ. ಮೈಕ್ ಬರುವ ಮುಂಚೆ ಮಡಿವಾಳಪ್ಪನವರ ಪದಗಳು ಊರೂರು ಹಬ್ಬಿದ್ದು ಹಾಗೆಯೇ.

ಕೊಳ್ಳುವುದು, ಬಾಡಿಗೆಗೆ ತರುವುದು

ಮೇಳದ ಗಂಟಿನಲ್ಲಿ ದುಡ್ಡು ಕಡಿಮೆಯಿರುತ್ತದೆ. ಚಿಕ್ಕ ಸಾಮಾನು ಸ್ವಂತಕ್ಕೆ, ದೊಡ್ಡದು ಬಾಡಿಗೆಗೆ ಎಂಬುದು ಒಳ್ಳೆಯ ಸೂತ್ರ. ನಾಲ್ಕು ಒಳ್ಳೆಯ ಮೈಕ್, ನಾಲ್ಕು ಸ್ಟ್ಯಾಂಡ್ (ಡಗ್ಗಾಕ್ಕೆ ಗಿಡ್ಡದು), ಕೇಬಲ್, ಗಾಳಿಗೆ ಸ್ಪಂಜಿನ ಟೊಪ್ಪಿ ಇಷ್ಟು ಮೇಳದ್ದೇ ಇರಲಿ. ಬಾಕ್ಸ್, ಆಂಪ್, ಜನರೇಟರ್ ಜಾತ್ರೆಯ ದಿನಕ್ಕೆ ಬಾಡಿಗೆಗೆ ಸಿಗುತ್ತವೆ. ಶೂರ್ ಕಂಪನಿಯ ಎಸ್‌ಎಂ58 ಮೈಕ್ 1966ರಿಂದಲೂ ಹಾಡುಗಾರರ ಕೈಯಲ್ಲಿದೆ, ಅದರ ನಕಲಿಯೂ ಅಷ್ಟೇ ಸಲೀಸಾಗಿ ಸಿಗುತ್ತದೆ. ಅರ್ಧ ಬೆಲೆಗೆ ಕೊಟ್ಟರೆ ಅನುಮಾನಿಸಿ, ಬಿಲ್ಲು ಕೇಳಿ.

ಇನ್ನು ಕಾರ್ಯಕ್ರಮದ ದಿನ ಅರ್ಧ ಗಂಟೆ ಮೊದಲು ಕೂತು ದನಿ ಹೊಂದಿಸುವ ಕ್ರಮ ಬದಲಾಗಬೇಕು. ಈಗ ಮೊದಲು ‘ಹಲೋ ಹಲೋ’ ಎಂದು ಹಾಡುಗಾರರ ಮೈಕ್ ಏರಿಸುತ್ತಾರೆ, ಉಳಿದ ಜಾಗದಲ್ಲಿ ವಾದ್ಯ ತುರುಕುತ್ತಾರೆ. ಅದನ್ನು ತಿರುವಿಹಾಕಿ. ಮೊದಲು ಡಗ್ಗಾ ಒಂದನ್ನೇ ಬಾರಿಸಿ, ಕೊನೆಯ ಸಾಲಿನಲ್ಲಿ ಒಬ್ಬರನ್ನು ನಿಲ್ಲಿಸಿ ಬೋಲು ತಿಳಿಯುವಷ್ಟು ಏರಿಸಿ. ಅದರ ಮೇಲೆ ಪೇಟಿ, ಅದರ ಮೇಲೆ ಹಿಮ್ಮೇಳ, ಎಲ್ಲಕ್ಕೂ ಕೊನೆಗೆ ಎತ್ತಿಕೊಡುವವರ ದನಿ. ಹೀಗೆ ಕೆಳಗಿನಿಂದ ಕಟ್ಟಿಕೊಂಡು ಬಂದರೆ ಆಂಪ್ಲಿಫೈಯರ್‌ನ ಗುಂಡಿ ಅರ್ಧ ದಾಟುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಹೊಸ ಬಾಕ್ಸ್ ಕೊಳ್ಳುವ ಠರಾವು ಮಾಡುವ ಮುನ್ನ ಮೇಳದವರು ಒಂದು ಅಮಾವಾಸ್ಯೆ ಇದನ್ನು ಮಾಡಿ ನೋಡಲಿ. ಖರ್ಚು ನಾಲ್ಕು ಮಡಿಕೆ ಕೌದಿ ಮತ್ತು ಅರ್ಧ ಗಂಟೆ ಮಾತ್ರ.